ಮಿಕ್ಸ್ ಪ್ಯಾಕೆಟ್ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳು ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಮಿಕ್ಸ್ ಪ್ಯಾಕೆಟ್, ಅಂದರೆ ಮನೆಯ ಅಕ್ವೇರಿಯಂಗೆ ಬಣ್ಣಕ್ಕೊಂದರಂತೆ ಬೇರೆಬೇರೆ ಜಾತಿಯ ಮೀನು ಸೇರಿಸಿ ಕೊಡುತ್ತಿದ್ದ ಚೀಲ, ಇರುವುದಿಲ್ಲ. ಗುಂಪಿನಲ್ಲಿ ಬದುಕುವ ಮೀನುಗಳನ್ನು ಆರಕ್ಕಿಂತ ಕಡಿಮೆ ಕೊಡುವುದಿಲ್ಲ. ಮನೆಯಲ್ಲಿ ಆಗಲೇ ಅದೇ ಜಾತಿಯವು ಇದ್ದರೆ ಬೇರೆ ಮಾತು. ಹೊಸದಾಗಿ ಬಂದ ಮೀನನ್ನು 14 ದಿನ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿದ ಮೇಲೆಯೇ ಮಾರುತ್ತೇವೆ. ಹಾಗಾಗಿ ಪ್ರತಿ ಮೀನಿಗೆ ಐದರಿಂದ ಹತ್ತು ರೂಪಾಯಿ ಜಾಸ್ತಿಯಾಗುತ್ತದೆ. ನಿಮಗೆ ತೊಂದರೆ ಆಗುತ್ತದೆ ಅಂತ ಗೊತ್ತು, ಕ್ಷಮೆ ಇರಲಿ. ಆದರೆ ಈ ತೀರ್ಮಾನ ಬದಲಾಗುವುದಿಲ್ಲ.

ಮೊದಲು ರೇಟಿನ ಮಾತು. "ಚೆನ್ನೈದಾಗ ಇದ ಮೀನು ಅರ್ಧ ರೇಟಿಗೆ ಸಿಗತೈತ್ರಿ" ಅಂತ ಹೇಳುವವರಿದ್ದಾರೆ. ಸಿಗುತ್ತದೆ, ನಿಜ. ಚೆನ್ನೈನ ಕೊಳತ್ತೂರಿನಲ್ಲಿ ಮೀನು ಮರಿ ಮಾಡಿಸುವವರೇ ಮಾರುತ್ತಾರೆ. ಅಲ್ಲಿಂದ ವಿಜಯಪುರಕ್ಕೆ ಜೀವಂತ ಬರಬೇಕಲ್ಲ? ಆಕ್ಸಿಜನ್ ತುಂಬಿದ ಚೀಲ, ಥರ್ಮಾಕೋಲ್ ಡಬ್ಬಿ, ಪಾರ್ಸೆಲ್ ಬಾಡಿಗೆ. ಡಬ್ಬಿ ಬಿಚ್ಚಿದಾಗ ಹೊಟ್ಟೆ ಮೇಲಾಗಿ ತೇಲುವ ಮೀನಿನ ದುಡ್ಡನ್ನು ನಮಗೆ ಯಾರೂ ವಾಪಸ್ ಕೊಡುವುದಿಲ್ಲ. ಇನ್ನು ನಮ್ಮೂರ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಬಂದರೆ ಏಳೂವರೆ ಮಾತ್ರ ಹಿಡಿಯುತ್ತದೆ. ಅದಕ್ಕೇ ಏರ್ ಪಂಪ್ ಹಗಲು ರಾತ್ರಿ ಓಡಬೇಕು. ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಓಡಬೇಕು. ಆ ಬಿಲ್ಲು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಮೀನಿನ ರೇಟು ಮಾತ್ರ ಕಾಣುತ್ತದೆ. ನಮಗೆ ಬೇಜಾರು ಇದೇ. ಈಗ 14 ದಿನದ ಟ್ಯಾಂಕುಗಳ ಖರ್ಚೂ ಸೇರಿತು. ಬಿಳಿ ಚುಕ್ಕಿ ರೋಗ ಬಂದ ದಿನವೇ ಕಾಣಿಸುವುದಿಲ್ಲ. ನಾಲ್ಕಾರು ದಿನ ಬಿಟ್ಟು ರೆಕ್ಕೆಯ ಮೇಲೆ ಉಪ್ಪು ಉದುರಿಸಿದ ಹಾಗೆ ಎದ್ದೇಳುತ್ತದೆ. ಅಷ್ಟರಲ್ಲಿ ಆ ಮೀನು ನಿಮ್ಮ ಮನೆ ಸೇರಿದ್ದರೆ ಅಲ್ಲಿರುವ ಎಲ್ಲ ಮೀನಿಗೂ ಹರಡುತ್ತದೆ.

ಈಗ ದಿನಾ ಕೇಳುವ ದೂರಿಗೆ ಬರುತ್ತೇವೆ. "ಮೊದಲ ಬಣ್ಣಕ್ಕೊಂದು ಮೀನು ಕೊಡತಿದ್ರಿ, ಈಗ ಆರಾರು ತಗೋರಿ ಅಂತೀರಿ, ಇದು ವ್ಯಾಪಾರ ಹೆಚ್ಚು ಮಾಡಕೊಳ್ಳೂ ಉಪಾಯ." ವ್ಯಾಪಾರವಷ್ಟೇ ಬೇಕಿದ್ದರೆ ಮಿಕ್ಸ್ ಪ್ಯಾಕೆಟ್‌ಗಿಂತ ಒಳ್ಳೆಯದು ಯಾವುದೂ ಇಲ್ಲ. ಮೀನು ಸಾಯುತ್ತದೆ, ಮಗು ಅಳುತ್ತದೆ, ನೀವು ಮತ್ತೆ ಕೊಳ್ಳಲು ಬರುತ್ತೀರಿ. ಅಂಥ ವ್ಯಾಪಾರ ನಮಗೆ ಬೇಡ.

ನಿಯಾನ್ ಟೆಟ್ರಾ ಗುಂಪಿನಲ್ಲಿ ಬದುಕುವ ಮೀನು. ಒಂದೇ ಒಂದನ್ನು ತಂದು ಬಿಟ್ಟು ನೋಡಿ. ಫಿಲ್ಟರ್ ಹಿಂದೆ ಮೂಲೆ ಹಿಡಿದು ನಿಲ್ಲುತ್ತದೆ. ಮೈಮೇಲಿನ ನೀಲಿ ಗೆರೆ ಮಾಸುತ್ತದೆ, ತಿನ್ನಲೂ ಮುಂದೆ ಬರುವುದಿಲ್ಲ. ಆರೆಂಟು ಇದ್ದರೆ ಅದೇ ಮೀನು ಟ್ಯಾಂಕಿನ ನಡುವೆ ಆರಾಮಾಗಿ ಓಡಾಡುತ್ತದೆ. ಟೈಗರ್ ಬಾರ್ಬ್ ಕಥೆ ಬೇರೆ. ಆರೆಂಟರ ಗುಂಪಿದ್ದರೆ ತಮ್ಮತಮ್ಮಲ್ಲೇ ಬೆನ್ನಟ್ಟಿಕೊಂಡು ಇರುತ್ತವೆ. ಒಂದೆರಡೇ ಇದ್ದರೆ ಏಂಜೆಲ್ ಮೀನಿನ ಉದ್ದ ರೆಕ್ಕೆ ಕಚ್ಚುವುದೇ ಅವುಗಳ ಕೆಲಸ. ನಾಲ್ಕು ದಿನಕ್ಕೆ ಆ ರೆಕ್ಕೆಯ ಅಂಚು ಹರಿದ ಬಟ್ಟೆಯಂತಾಗುತ್ತದೆ. ಗುಂಪಿದ್ದರೂ ಏಂಜೆಲ್ ಜೊತೆ ಅವು ಬೇಡ. ಏಂಜೆಲ್ ಕೂಡ ಸಾಧುವಲ್ಲ. ಚಿಕ್ಕದಿದ್ದಾಗ ನಿಯಾನ್ ಜೊತೆ ಚೆಂದ ಕಾಣುತ್ತದೆ, ದೊಡ್ಡದಾದ ಮೇಲೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನಿಯಾನ್ ಎಣಿಕೆ ತಪ್ಪುತ್ತದೆ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಹೊಲಸೂ ಬಹಳ ಮಾಡುತ್ತದೆ. ಅದನ್ನು ಟೆಟ್ರಾ, ಏಂಜೆಲ್ ಜೊತೆ ಕೇಳಿದರೆ ಇನ್ನು ಮುಂದೆ ಕೊಡುವುದಿಲ್ಲ, ಹಳೇ ಪರಿಚಯದವರು ಕೇಳಿದರೂ ಅಷ್ಟೇ.

ಹಾಗಾದರೆ ಏನು ಕೊಡುತ್ತೀರಿ ಅಂತ ಕೇಳಬಹುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಕಂಠಪೂರ್ತಿ ತುಂಬಿದರೆ ಸುಮಾರು 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45ರ ಆಸುಪಾಸು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಬೋರ್ ನೀರು, ಅದು ಗಡಸು. ನಿಯಾನ್ ಅಮೆಜಾನ್ ಕಡೆಯದು, ಮೆತ್ತನೆ ನೀರಿನ ಮೀನು. ಗಪ್ಪಿ, ಪ್ಲಾಟಿಗಳಿಗೆ ಗಡಸು ನೀರೇ ಒಗ್ಗುತ್ತದೆ. ಆ ಅಳತೆಗೆ ಆರು ಜೀಬ್ರಾ ಡೇನಿಯೊ, ಮೂರು ಪ್ಲಾಟಿ ಸಾಕು. ಜೀಬ್ರಾ ನಮ್ಮ ದೇಶದ್ದೇ ಗಟ್ಟಿ ಮೀನು, ಹೊಸಬರಿಗೆ ನಾವು ಕಣ್ಣುಮುಚ್ಚಿ ಕೊಡುತ್ತೇವೆ. ಪ್ಲಾಟಿಯಲ್ಲಿ ಒಂದು ಗಂಡಿಗೆ ಎರಡು ಹೆಣ್ಣು ಇರಲಿ. ಇಲ್ಲದಿದ್ದರೆ ಗಂಡು ಒಂದೇ ಹೆಣ್ಣನ್ನು ಬೆನ್ನು ಬಿಡದೆ ಸುಸ್ತು ಮಾಡಿಬಿಡುತ್ತದೆ. ಮರಿ ಬೇಡವೆಂದರೆ ಬರೀ ಗಂಡು ತಗೊಳ್ಳಿ. ನಲ್ಲಿ ನೀರು ಹಾಕುವವರು ಕ್ಲೋರಿನ್ ತೆಗೆಯುವ ಔಷಧಿ ಬೆರೆಸುವುದನ್ನು ಮರೆಯಬೇಡಿ.

"ಪಾಚಿ ತಿಂದು ಟ್ಯಾಂಕ್ ಸ್ವಚ್ಛ ಮಾಡತೈತಿ" ಅಂತ ಸಕ್ಕರ್ ಮೀನು ಕೇಳುವವರೇ ಜಾಸ್ತಿ. ಉಳಿದ ಮೀನಿನ ಹೊಲಸನ್ನು ಅದು ತಿನ್ನುವುದಿಲ್ಲ, ತಾನೇ ಇನ್ನಷ್ಟು ಮಾಡುತ್ತದೆ. ಬೆರಳುದ್ದ ಇರುವುದು ಒಂದಡಿ ದಾಟಿ ಬೆಳೆಯುತ್ತದೆ. ಅದನ್ನೂ, ಚಿಕ್ಕ ಶಾರ್ಕ್ ಎಂದು ಮಾರುವ ಮೀನನ್ನೂ ನಾವು ಇನ್ನು ತರಿಸುವುದಿಲ್ಲ. ಮನೆಯಲ್ಲಿ ಆಗಲೇ ಬೆಳೆದು ನಿಂತಿದ್ದರೆ ದಯವಿಟ್ಟು ಕೆರೆಗೋ ಕಾಲುವೆಗೋ ಬಿಡಬೇಡಿ. ಸಕ್ಕರ್ ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಆಗಲೇ ಸೇರಿಕೊಂಡು ಅಲ್ಲಿನ ಮೀನುಗಳಿಗೆ ಕಷ್ಟ ಕೊಡುತ್ತಿದೆ. ನಮ್ಮ ಹತ್ತಿರ ತನ್ನಿ. ಎಲ್ಲಿ ಕೊಂಡಿದ್ದರೂ ಸರಿ, ಇಟ್ಟುಕೊಳ್ಳುತ್ತೇವೆ. ಬದಲಿಗೆ ಪ್ಲಾಟಿ ಕೊಡುತ್ತೇವೆ, ದುಡ್ಡು ಬೇಡ.

ಉಳಿದಿರುವ ಮಿಕ್ಸ್ ಪ್ಯಾಕೆಟ್ ಕೂಪನ್‌ಗಳು ವ್ಯರ್ಥವಾಗುವುದಿಲ್ಲ, ಅಷ್ಟೇ ಬೆಲೆಯ ಮೀನು ಅಥವಾ ಆಹಾರ ತಗೊಳ್ಳಬಹುದು. ಬರುವಾಗ ಟ್ಯಾಂಕಿನ ಅಳತೆ, ಈಗಿರುವ ಮೀನುಗಳ ಫೋಟೋ ಮೊಬೈಲಿನಲ್ಲಿ ತನ್ನಿ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಕೌಂಟರಿನಲ್ಲಿ ಯಾರಿದ್ದರೂ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಹೇಳುತ್ತಾರೆ.

ನಿಮ್ಮ ವಿಶ್ವಾಸದ,
ಮೀನಿನ ಅಂಗಡಿಯವರು, ವಿಜಯಪುರ