ಮೊದಲು ಬಂದವನೇ ಕೊನೆಗೆ ಹೊರಡಬೇಕು

ಪ್ರೀತಿಯ ಮಂಜು,

ನಿನ್ನ ಮೆಸೇಜ್ ಓದಿ ನಗು ಬಂತು ಕಣೋ. ನಿಮ್ಮ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ನೊಬೆಲ್ ಬಂದವರಿಗೆ ಕಾರು ನಿಲ್ಲಿಸಲು ಬೇರೆ ಜಾಗ, ಅದಕ್ಕೆ ‘ಎನ್‌ಎಲ್’ (ನೊಬೆಲ್ ಲಾರಿಯೇಟ್) ಅಂತ ಬೋರ್ಡು ಬೇರೆ! ನಮ್ಮ ಕಾಲೇಜಿನಲ್ಲಿ ಅಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಮ್ಯಾನೇಜ್‌ಮೆಂಟಿನವರ ನೆಂಟನಾದರೆ ಸಾಕು, ನೆರಳಿನ ಜಾಗ ಸಿಗುತ್ತದೆ.

ನಾವು ಓದುವಾಗ ಗಾಡಿ ನಿಲ್ಲಿಸುತ್ತಿದ್ದ ಹೊಂಗೆ ಮರಗಳು ಈಗಿಲ್ಲ. ಅಲ್ಲಿ ಹೊಸ ಬ್ಲಾಕ್ ಎದ್ದಿದೆ. ಸೀಟು ಹೆಚ್ಚಾಯಿತು, ಗಾಡಿಯೂ ಹೆಚ್ಚಾಯಿತು, ಜಾಗ ಮಾತ್ರ ಕಡಿಮೆಯಾಯಿತು.

ನಿಮ್ಮ ಕಡೆ ಕಾರಿನವರಿಗೆ ಜಾಗ ಹುಡುಕುವುದೇ ಕಷ್ಟ. ನಮ್ಮಲ್ಲಿ ಟೂವೀಲರ್ ಕಥೆ ಬೇರೆ. ಬೆಳಿಗ್ಗೆ ಬೇಗ ಬಂದರೆ ಜಾಗ ಸಿಗುತ್ತದೆ, ಸಂಜೆ ಗಾಡಿ ಹೊರಗೆ ಬರುವುದಿಲ್ಲ. ಮೊದಲು ಬಂದವನು ಗೋಡೆ ಪಕ್ಕ ನಿಲ್ಲಿಸುತ್ತಾನೆ. ಅವನ ಹಿಂದೆ ಒಂದು ಸಾಲು, ಅದರ ಹಿಂದೆ ಇನ್ನೊಂದು. ನಡುವೆ ಓಡಾಡಲು ದಾರಿಯೇ ಇಲ್ಲ. ತಡವಾಗಿ ಬಂದು ಅಡ್ಡ ನಿಲ್ಲಿಸಿದವನು ಆರಾಮಾಗಿ ಹೊರಟುಬಿಡುತ್ತಾನೆ. ಶಿಸ್ತಿನವನಿಗೇ ಶಿಕ್ಷೆ, ಅಲ್ವಾ?

ತೆಗೆಯುವುದೂ ಒಂದು ಸರ್ಕಸ್. ಹಿಂದಿನ ಗಾಡಿಗೆ ಹ್ಯಾಂಡಲ್ ಲಾಕ್. ಹಿಂಬದಿಯ ಹಿಡಿ ಹಿಡಿದು ಅದರ ಹಿಂಚಕ್ರ ಎತ್ತಿ ಪಕ್ಕಕ್ಕೆ ಸರಿಸಬೇಕು. ಸೈಡ್ ಸ್ಟ್ಯಾಂಡಿನಲ್ಲಿದ್ದ ಬೈಕಿಗೆ ಸ್ವಲ್ಪ ತಾಗಿತೋ, ಸಾಲಿಗೆ ಸಾಲೇ ಮಲಗುತ್ತದೆ. ಕನ್ನಡಿ ತಿರುಗಿರುತ್ತದೆ, ಬ್ರೇಕ್ ಲಿವರ್ ಬಾಗಿರುತ್ತದೆ. ಕೆಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಂತೂ ಮುಟ್ಟಿದರೆ ಸಾಕು, ಬಡಕೊಳ್ಳಲು ಶುರು ಮಾಡುತ್ತವೆ. ಸೆಕ್ಯುರಿಟಿ ಅಣ್ಣ ಪಾಪ, ಆಗಾಗ ಸುಣ್ಣದಲ್ಲಿ ಗೆರೆ ಎಳೆದು ಮಧ್ಯೆ ದಾರಿ ಬಿಡಿಸುತ್ತಾನೆ. ಒಂಬತ್ತು ಗಂಟೆಯೊಳಗೆ ಗೆರೆ ಮೇಲೇ ಗಾಡಿ. ಗದರಿಸಿದರೆ, ‘ಅಣ್ಣಾ, ಇಂಟರ್ನಲ್ಸ್ ಇದೆ, ಐದೇ ನಿಮಿಷ’ ಅಂತ ಓಡುತ್ತಾರೆ.

ಪಿಯು ಹುಡುಗರ ಪಾಡು ಇನ್ನೂ ಒಂಥರಾ. ಲೈಸೆನ್ಸ್ ಇಲ್ಲ, ಗೇಟಿನಲ್ಲಿ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ. ಹಾಗಂತ ಗಾಡಿ ಬಿಟ್ಟು ಬರುತ್ತಾರಾ? ಹಿಂದಿನ ಕ್ರಾಸಿನಲ್ಲಿ ಯಾರದೋ ಮನೆ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಯವರು ಹೂಕುಂಡ ಇಟ್ಟರು, ಕಲ್ಲು ಇಟ್ಟರು. ಈಗ ಸುಮ್ನೆ ಟೈರಿನ ಗಾಳಿ ಬಿಡುತ್ತಾರೆ.

ಜಾಗವೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಸ್ಕೂಟರ್ ನಿಲ್ಲುತ್ತವೆ. ಆಫೀಸ್ ಮುಂದೆ ಖಾಲಿ ಬಿದ್ದಿರುವ ‘ರಿಸರ್ವ್ಡ್’ ಸಾಲನ್ನು ಬಿಟ್ಟುಕೊಟ್ಟರೆ ಎರಡೆರಡು ಸಾಲಿಗೊಂದು ದಾರಿ ಬಿಡಬಹುದು. ಸ್ಟಾಫ್ ಮೀಟಿಂಗಿನಲ್ಲಿ ಹೇಳಿದೆ. ‘ನೋಡೋಣ’ ಅಂದರು. ಅದರರ್ಥ ನಿನಗೂ ಗೊತ್ತು. ನಿಮ್ಮ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್, ಪ್ರೊಫೆಸರುಗಳನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿರುವುದು ಪಾರ್ಕಿಂಗ್ ಗೊಣಗಾಟವೇ ಅಂತ 1963ರಲ್ಲೇ ತಮಾಷೆ ಮಾಡಿದ್ದರಂತೆ. ನಮ್ಮ ಸ್ಟಾಫ್ ರೂಮಿಗೂ ಸರಿಹೊಂದುತ್ತದೆ. ಮುಖ ಕೊಟ್ಟು ಮಾತಾಡದವರೂ ಅವತ್ತು ನನ್ನ ಪರ ನಿಂತರು.

ಡಿಸೆಂಬರ್‌ನಲ್ಲಿ ಬಂದಾಗ ಕಾಲೇಜು ನೋಡಬೇಕು ಅಂದಿದ್ದೀಯಲ್ಲ, ಕಾರು ತರಬೇಡ. ಹೊರಗಿನ ಗಾಡಿಯನ್ನು ಒಳಗೆ ಬಿಡುವುದಿಲ್ಲ. ಕೆಂಗೇರಿಗೆ 2021ರಲ್ಲೇ ಮೆಟ್ರೊ ಬಂದಿದೆ, ಅದರಲ್ಲೇ ಬಾ. ಸ್ಟೇಷನ್ನಿನಿಂದ ಆಟೊದವರು ಮೀಟರ್ ಹಾಕುವುದಿಲ್ಲ, ಚೌಕಾಸಿ ಮಾಡು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನವನೇ