ಮಿದುಳಿನ ಸೂಕ್ಷ್ಮ ಚಿತ್ರಗಳು ಮತ್ತು ಎಂಆರ್‌ಐ ಕೋಣೆಯ ಎಚ್ಚರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಫ್ರಾನ್ಸಿನ ಸಾಕ್ಲೇಯಲ್ಲಿರುವ 11.7 ಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಸಾಮರ್ಥ್ಯದ 'ಇಸೋಲ್ಟ್' ಎಂಆರ್‌ಐ ಯಂತ್ರದಿಂದ ಪಡೆದ ಮಾನವ ಮಿದುಳಿನ ಮೊದಲ ಚಿತ್ರಗಳು 2024ರಲ್ಲಿ ಪ್ರಕಟವಾದಂದಿನಿಂದ, ಮುಂಬೈಯ ನಮ್ಮ ಕನ್ನಡ ಸಂಘಗಳ ಹಿರಿಯರಲ್ಲಿ ಕೆಲವರು ಅಂಥದ್ದೇ ತಪಾಸಣೆ ತಮಗೂ ಬೇಕೆನ್ನುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಾಂತಕ್ಷೇತ್ರ ಬಲವಾದಷ್ಟೂ ದೇಹದ ಜಲಜನಕದ ಪರಮಾಣು ಬೀಜಗಳಿಂದ ಬರುವ ಸಂಕೇತ ಪ್ರಬಲವಾಗುತ್ತದೆ. ಹೀಗಾಗಿ 132 ಟನ್ ತೂಕದ ಅಯಸ್ಕಾಂತವನ್ನು ದ್ರವ ಹೀಲಿಯಂನಿಂದ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿರುವ ಈ ಯಂತ್ರವು, 1 ಮಿಲಿಮೀಟರ್ ದಪ್ಪದ ಪದರದಲ್ಲಿ 0.2 ಮಿಲಿಮೀಟರ್‌ನಷ್ಟು ಸೂಕ್ಷ್ಮ ವಿವರಗಳನ್ನು ಕೇವಲ 4 ನಿಮಿಷಗಳಲ್ಲಿ ಸೆರೆಹಿಡಿಯುತ್ತದೆ. (ಇದರ ಮೊದಲ ಪರೀಕ್ಷೆಗೆ ಒಳಗಾದದ್ದು ಮಿದುಳಲ್ಲ, ಒಂದು ಕುಂಬಳಕಾಯಿ!) ಆದರೆ ಇದು ಸಂಶೋಧನೆಗೆ ಮೀಸಲಾದ ಯಂತ್ರ. ಪಾರ್ಶ್ವವಾಯು, ಗೆಡ್ಡೆ ಮುಂತಾದವುಗಳ ಪತ್ತೆಗೆ ಆಸ್ಪತ್ರೆಗಳಲ್ಲಿರುವ 1.5 ಅಥವಾ 3 ಟೆಸ್ಲಾ ಯಂತ್ರಗಳೇ ಸಾಮಾನ್ಯವಾಗಿ ಸಾಕಾಗುತ್ತವೆ. ಅಪಸ್ಮಾರದ ಕೆಲವು ರೋಗಿಗಳಲ್ಲಿ ಮಾತ್ರ, 3 ಟೆಸ್ಲಾದಲ್ಲಿ ಕಾಣದ ಸಣ್ಣ ದೋಷ 7 ಟೆಸ್ಲಾದಲ್ಲಿ ಕಂಡದ್ದುಂಟು.

ನನ್ನ ಆತಂಕ ಬೇರೆಯದು. 2018ರ ಜನವರಿಯಲ್ಲಿ ಇದೇ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆ ಹೊಕ್ಕ ರೋಗಿಯ ಸಂಬಂಧಿಯೊಬ್ಬರು, ಯಂತ್ರದ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಸ್ಕ್ಯಾನ್ ನಡೆಯದಿರುವಾಗಲೂ ಅಯಸ್ಕಾಂತ ಸದಾ ಚಾಲೂ ಇರುತ್ತದೆಂಬುದು ಎಷ್ಟು ಮಂದಿಗೆ ಗೊತ್ತು? ಪೇಸ್‌ಮೇಕರ್, ದೇಹದೊಳಗಿನ ಲೋಹದ ಕ್ಲಿಪ್‌ಗಳ ವಿಷಯವನ್ನು ಮೊದಲೇ ತಿಳಿಸಬೇಕೆಂಬುದನ್ನು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲೂ ಸಂಘಗಳ ವೈದ್ಯಕೀಯ ಶಿಬಿರಗಳಲ್ಲೂ ಸರಳ ಕನ್ನಡದಲ್ಲಿ ವಿವರಿಸಬೇಕೆಂದು ವಿನಂತಿಸುತ್ತೇನೆ.

ಇಂತು,
ಓರ್ವ ಓದುಗ, ಡೊಂಬಿವಲಿ