ಗೆಳೆಯನಿಗೊಂದು ಪತ್ರ: ನಮ್ಮ ಮನೆಯ ಕಲ್ಲುರ್ಟಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ರಾತ್ರಿ ಹನ್ನೊಂದೂವರೆಗೆ ಬಂತು. ಫೋನ್ ಮಾಡೋಣ ಅಂದುಕೊಂಡೆ, ಆಮೇಲೆ ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನಿಸಿ ಬರೆಯಲು ಕೂತೆ. ನಿನ್ನ ಹಾಗೆ ಕೇಳಿದವರು ಇನ್ನೂ ಇಬ್ಬರು ಮೂವರು ಇದ್ದಾರೆ, ಅದಕ್ಕೇ ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಸರ ಇಲ್ಲ ತಾನೆ?

ಅಪ್ಪ ಹೋದ ಮೇಲೆ ನಿನಗೆ ಒಂಟಿತನ ಕಾಡುತ್ತಿದೆ, ಆ ಧ್ಯಾನದ ಶಿಬಿರಕ್ಕೆ ಹೋಗಿದ್ದೂ ಅದಕ್ಕೇ, ಗೊತ್ತು ನನಗೆ. ಕಣ್ಣು ಮುಚ್ಚಿ, ಒಂದು ಕಾಡು ನೆನೆಸಿಕೊಳ್ಳಿ, ಕಾಡಿನಲ್ಲಿ ಒಂದು ಬಾಗಿಲು, ಅದರಾಚೆ ನಿಮ್ಮ ಸ್ಪಿರಿಟ್ ಗೈಡ್, ಅಂದರೆ ನಿಮಗೆ ದಾರಿ ತೋರಿಸುವ ಆತ್ಮ, ಕಾಯುತ್ತಿರುತ್ತಾರೆ ಅಂದರಂತೆ. ಪಕ್ಕದಲ್ಲಿ ಕೂತವರಿಗೆ ಬಿಳಿ ಗಡ್ಡದ ಮುದುಕ ಕಂಡ, ಇನ್ನೊಬ್ಬರಿಗೆ ತೋಳ ಕಂಡಿತು, ನಿನಗೆ ಮಾತ್ರ ಯಾರೂ ಬರಲಿಲ್ಲ. ನನ್ನಲ್ಲೇ ಏನೋ ಕೊರತೆ, ನಿಮ್ಮ ಕಡೆ ದೈವಗಳ ಜೊತೆ ಮಾತಾಡ್ತೀರಲ್ಲ, ಅದನ್ನ ಶುರು ಮಾಡೋದು ಹೇಗೆ ಅಂತ ಕೇಳಿದ್ದೀಯ.

ನಿನ್ನಲ್ಲಿ ಏನೂ ಕೊರತೆ ಇಲ್ಲ ಮಾರಾಯ. ಕಣ್ಣು ಮುಚ್ಚಿದರೆ ನನಗೂ ಯಾರೂ ಕಾಣುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಕಂಡಿಲ್ಲ. ಆದರೂ ನಮ್ಮ ಮನೆಯ ದೈವ ಕಲ್ಲುರ್ಟಿ ನನ್ನ ಜೊತೆ ಇದ್ದಾಳೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ನಮ್ಮದು ಅಳಿಯಕಟ್ಟಿನ ಕುಟುಂಬ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಮನೆ, ದೈವ ಬಂದಿದ್ದೂ ಅಮ್ಮನ ಕಡೆಯಿಂದ. ಬಂಟ್ವಾಳದ ಹತ್ತಿರ ಕುಟುಂಬದ ಮನೆ. ಚಾವಡಿಯ ಪಕ್ಕ ದೈವದ ಕೋಣೆ. ಒಳಗೆ ವಿಗ್ರಹ ಏನೂ ಇಲ್ಲ. ಸರಪಳಿಗೆ ತೂಗುಹಾಕಿದ ಒಂದು ಮರದ ಉಯ್ಯಾಲೆ, ಅದರ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ದೈವದ ಕಡ್ಸಲೆ, ಅಂದರೆ ಕತ್ತಿ, ಜೊತೆಗೆ ಒಂದು ಗಂಟೆ. ಬಾಗಿಲಿನ ದಾರಂದದ ಬಲಗಡೆ, ನನ್ನ ಸೊಂಟಕ್ಕಿಂತ ಚೂರು ಮೇಲೆ, ಕಪ್ಪಗೆ ಮಿರಮಿರ ಮಿನುಗುವ ಒಂದು ಕಲೆ ಇದೆ. ಅಜ್ಜಿ ಬತ್ತಿ ಸರಿ ಮಾಡಿದ ಬೆರಳನ್ನು ಅಲ್ಲಿ ಒರೆಸುತ್ತಿದ್ದರು. ಅಜ್ಜಿ ಗಿಡ್ಡ, ಅದಕ್ಕೇ ಕಲೆ ಅಷ್ಟು ಕೆಳಗೆ. ಐವತ್ತು ವರ್ಷದ ಎಣ್ಣೆ ಮಸಿ ಅದು.

ಪ್ರತಿ ಸಂಕ್ರಮಣಕ್ಕೆ ದೀಪ ಇಟ್ಟು ಅಜ್ಜಿ ಹೊಸ್ತಿಲಲ್ಲೇ ಕೂರುತ್ತಿದ್ದರು. ಮಂತ್ರ ಹೇಳುತ್ತಾರೆ ಅಂತ ನಾನು ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಹತ್ತಿರ ಹೋಗಿ ಕೇಳಿದರೆ ಮನೆ ಸುದ್ದಿ! ದನ ಕರು ಹಾಕಿದ್ದು, ಚಿಕ್ಕಮ್ಮನ ಸಂಬಂಧ ತಪ್ಪಿದ್ದು, ಎಲ್ಲ ತುಳುವಿನಲ್ಲಿ, ಪಕ್ಕದ ಮನೆಯವಳಿಗೆ ಹೇಳಿದ ಹಾಗೆ. ಒಂದು ವರ್ಷ ಆಟಿ ತಿಂಗಳ ಮಳೆ ಬಿಡಲೇ ಇಲ್ಲ, ಅಡಿಕೆಗೆ ಕೊಳೆರೋಗ ಬಂದು ತೋಟವಿಡೀ ಹಸಿ ಕಾಯಿ ಉದುರಿತು. ಆವತ್ತು ಅಜ್ಜಿ ಬೈದರು. "ಅಪ್ಪೆ, ನೀನು ಇಲ್ಲಿ ಕೂತು ನೋಡ್ತಾ ಇದ್ದೀಯಾ? ಕಣ್ಣಿಲ್ವಾ ನಿನಗೆ?" ಅಂತ. ಅಪ್ಪೆ ಅಂದರೆ ತುಳುವಿನಲ್ಲಿ ತಾಯಿ. ಬೈದು ಮುಗಿಸಿ, ಎದ್ದು ಹೋಗಿ, ಒಂದು ಸೀಯಾಳ ಕೆತ್ತಿ ತಂದು ಉಯ್ಯಾಲೆಯ ಮುಂದೆ ಇಟ್ಟರು. ನನಗೆ ಸಿಕ್ಕ ಮೊದಲ ಪಾಠ ಅದು. ಸಲುಗೆ ಇದ್ದಲ್ಲಿ ಬೈಗುಳವೂ ಇರುತ್ತದೆ, ಬೈದ ಮೇಲೆ ಸೀಯಾಳವೂ ಇರುತ್ತದೆ.

ಕಲ್ಲುರ್ಟಿ ಯಾರು ಅಂತ ನಿನಗೆ ಹೇಳಲೇಬೇಕು. ಕಾರ್ಕಳದ ಗೊಮ್ಮಟ ನೋಡಿದ್ದೀಯಲ್ಲ, 42 ಅಡಿ, 1432ರಲ್ಲಿ ನಿಲ್ಲಿಸಿದ್ದು. ಅದನ್ನು ಕಡೆದವನು ಬೀರ ಕಲ್ಕುಡ ಅನ್ನುತ್ತದೆ ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು. ಇಂಥದ್ದು ಇನ್ನೊಂದು ಕಡೆ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿಗೆ ಹೋಗಿ ಅಲ್ಲಿಯ ಗೊಮ್ಮಟನನ್ನೂ ಕಡೆದ. ವೇಣೂರಿನದು 1604ರದ್ದು, ಲೆಕ್ಕ ಹಾಕಿದರೆ 172 ವರ್ಷದ ಅಂತರ, ಆದರೆ ಪಾಡ್ದನ ಹಾಡುವವರು ಇಸವಿ ನೋಡಿ ಹಾಡುವುದಿಲ್ಲ, ಆ ನೋವು ನೋಡಿ ಹಾಡುತ್ತಾರೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ. ಅವನ ಸ್ಥಿತಿ ನೋಡಿದಳು. ಅಣ್ಣ ತಂಗಿ ಇಬ್ಬರೂ ಕಾಯ ಬಿಟ್ಟು ಮಾಯ ಸೇರಿದರು, ಅರಸನಿಗೆ ನೆಮ್ಮದಿ ಕೊಡಲಿಲ್ಲ. ಮಾಯ ಅಂದರೆ ನಮ್ಮಲ್ಲಿ ಸತ್ತು ಹೋಗುವುದಲ್ಲ, ಕಣ್ಣಿಗೆ ಕಾಣದ ಹಾಗೆ ಇರುವುದು.

ಹಂದಿರೂಪದ ಪಂಜುರ್ಲಿಯಂಥ ದೈವಗಳೂ ಇವೆ, ಆದರೆ ನಮ್ಮ ಎಷ್ಟೋ ದೈವಗಳು ಹೀಗೆ ಮನುಷ್ಯರಾಗಿ ಹುಟ್ಟಿ, ಅನ್ಯಾಯ ತಿಂದು, ಮಾಯಕ್ಕೆ ಹೋದವರು. ಅವಳಿ ವೀರರಾದ ಕೋಟಿ ಚೆನ್ನಯರೂ ಹಾಗೆಯೇ. ಕೊರಗಜ್ಜನೂ ಹಾಗೆಯೇ. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತು ತಂದ ಹುಡುಗ ಅವನು, ಹುಟ್ಟಿದ ಜಾತಿಯಿಂದಾಗಿ ಅವನನ್ನು ಒಳಗೆ ಬಿಡಲಿಲ್ಲ. ಇವತ್ತು ಸರ ಕಳೆದರೂ ದನ ಕಳೆದರೂ ನಾವು ಅವನಿಗೇ ಚಕ್ಕುಲಿ, ವೀಳ್ಯದೆಲೆ ಹರಕೆ ಹೇಳುತ್ತೇವೆ. ಹೇಳುತ್ತಲೇ ಅವನ ಸಮುದಾಯದ ಕೊರಗರನ್ನು ಅಜಲು ಅನ್ನುವ ಕೀಳು ಪದ್ಧತಿಯ ಹೆಸರಿನಲ್ಲಿ ನಡೆಸಿಕೊಂಡ ರೀತಿ ಎಂಥದ್ದೆಂದರೆ, ಅದನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಕೊರಗಜ್ಜನ ಜೊತೆ ಸಂಬಂಧ ಬೇಕು, ಅಜ್ಜನ ಜನರ ಜೊತೆ ಬೇಡ ಅಂದರೆ ಹೇಗೆ?

ನನ್ನ ಕಥೆಗೆ ಬರುತ್ತೇನೆ. ಅಜ್ಜಿ ತೀರಿಕೊಂಡ ಮೇಲೆ ಮಾವನಿಗೂ ಅಮ್ಮನಿಗೂ ತೋಟದ ಗಡಿಯ ವಿಷಯದಲ್ಲಿ ಜಗಳ ಆಯಿತು. ಒಂಬತ್ತು ವರ್ಷ ಮಾತಿಲ್ಲ. ಮಾವ ದೀಪ ಇಟ್ಟರೆ ಅಮ್ಮ ಹೋಗುತ್ತಿರಲಿಲ್ಲ, ಕೊನೆಗೆ ಮಾವನೂ ಮಂಗಳೂರಿಗೆ ಹೋದರು, ಮನೆಗೆ ಬೀಗ ಬಿತ್ತು. ಆ ವರ್ಷಗಳಲ್ಲಿ ನಾನು ಬೆಂಗಳೂರಿನಲ್ಲಿ ಎರಡು ಕೆಲಸ ಕಳೆದುಕೊಂಡೆ, ನಿದ್ದೆ ಬರುತ್ತಿರಲಿಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಿಗೆ ತೋರಿಸಿದೆ, ಮಾತ್ರೆ ತೆಗೆದುಕೊಂಡೆ, ಚೂರು ಸರಿಹೋಯಿತು. ಒಂದು ಸಂಕ್ರಮಣದ ಸಂಜೆ ಏನನಿಸಿತೋ, ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಂದು ದೀಪ ಹಚ್ಚಿ, ಐದು ರೂಪಾಯಿ ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಅಪ್ಪೆ, ಬೀಗ ತೆಗೆಸುತ್ತೇನೆ, ಕೋಲ ಕೊಡಿಸುತ್ತೇನೆ ಅಂದೆ. ಕೋಲ ಅಂದರೆ ದೈವ ಮನುಷ್ಯನ ಮೈಮೇಲೆ ಬಂದು ಕುಣಿದು ಮಾತಾಡುವ ರಾತ್ರಿಯ ಸೇವೆ. ಮೈಗೆ ಏನೂ ಆಗಲಿಲ್ಲ, ಗಾಳಿ ಬೀಸಲಿಲ್ಲ. ಆದರೆ ಮಾತು ಕೊಟ್ಟಾಗಿತ್ತು. ಆ ಮಾತೇ ನನ್ನನ್ನು ಮಾವನ ಮನೆ ಬಾಗಿಲಿಗೆ ಎಳೆದುಕೊಂಡು ಹೋಯಿತು, ಮೂರು ಸಲ. ಮೂರನೇ ಸಲ ಮಾವ ಕಾಫಿ ಕೊಟ್ಟರು.

ಕೋಲ ಆಯಿತು. ಸಂಜೆ ಎಣ್ಣೆಬೂಳ್ಯ, ಅಂದರೆ ದೈವದ ವೇಷ ಕಟ್ಟುವವರಿಗೆ ಮನೆಯವರು ಎಣ್ಣೆ, ವೀಳ್ಯ ಕೊಟ್ಟು, ನಮ್ಮ ದೈವವನ್ನು ನಿಮ್ಮ ಮೈಮೇಲೆ ತನ್ನಿ ಅಂತ ಒಪ್ಪಿಸುವುದು. ಆಮೇಲೆ ಅವರು ಮೀಯಲು ಹೋದರು. ಚಪ್ಪರದ ಮೂಲೆಯಲ್ಲಿ ಮಡಲಿನ ಚಾಪೆ ಹಾಕಿ ಕೂತು, ಅಂಗೈಯಷ್ಟು ಕನ್ನಡಿ ಹಿಡಿದು, ಮುಖಕ್ಕೆ ಅರದಾಳದ ಹಳದಿ ಬಳಿದುಕೊಂಡರು, ತೆಂಗಿನ ಕಡ್ಡಿಯಲ್ಲಿ ಕಪ್ಪು ಗೆರೆ ಎಳೆದುಕೊಂಡರು. ಪಕ್ಕದಲ್ಲಿ ಅವರ ತಾಯಿ ತೆಂಬರೆ ಅನ್ನುವ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಕಲ್ಲುರ್ಟಿಯ ಪಾಡ್ದನ ಹಾಡುತ್ತಿದ್ದರು. ಅಣ್ಣನ ಕೈ ಕಡಿದ ಸಾಲು ಬಂದಾಗ ಬಣ್ಣ ಬರೆಯುವ ಕೈ ಒಂದು ಗಳಿಗೆ ನಿಂತಿತು, ನಾನು ಕಣ್ಣಾರೆ ನೋಡಿದೆ. ಎಳೆ ತೆಂಗಿನ ಗರಿಯ ತಿರಿ ಉಟ್ಟು, ಕಾಲಿಗೆ ಕಟ್ಟುವ ಗಗ್ಗರ ಕೈಗೆ ತೆಗೆದುಕೊಂಡಾಗ ಮೈ ನಡುಗಲು ಶುರುವಾಯಿತು. ಆಗ ಅವರು ಅವರಲ್ಲ.

ಮಧ್ಯರಾತ್ರಿ ಕಳೆದ ಮೇಲೆ ನುಡಿ ಆಯಿತು, ಅಂದರೆ ದೈವ ಮನೆಯವರ ಜೊತೆ ಮಾತಾಡುವುದು. ನನ್ನ ಕೆಲಸ, ನಿದ್ದೆ, ಸಾಲ ಎಲ್ಲ ಹೇಳಬೇಕು ಅಂತ ಒಳಗೊಳಗೇ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಅಪ್ಪೆ ಅದೇನನ್ನೂ ಕೇಳಲಿಲ್ಲ. ಅಮ್ಮನನ್ನು ಒಂದು ಕಡೆಯಿಂದ, ಮಾವನನ್ನು ಇನ್ನೊಂದು ಕಡೆಯಿಂದ ಕರೆದು ನಿಲ್ಲಿಸಿ, ಎಣ್ಣೆ ಇಲ್ಲದೆ ನಾನು ಕತ್ತಲೆಯಲ್ಲಿ ಕೂತೆ, ಅದು ದೊಡ್ಡದಲ್ಲ, ಒಂದೇ ಅಂಗಳದಲ್ಲಿ ನೀವಿಬ್ಬರು ನಿಂತು ಎಷ್ಟು ವರ್ಷವಾಯಿತು ಹೇಳಿ ಅಂದಳು. ಇಬ್ಬರೂ ಉತ್ತರ ಕೊಡಲಿಲ್ಲ. ಒಂದೇ ಎಲೆಯಲ್ಲಿ ಗಂಧ, ಹಿಂಗಾರ ಅಂದರೆ ಅಡಿಕೆ ಹೂ ಇಟ್ಟು, ಇಬ್ಬರ ಕೈಯೂ ಒಟ್ಟಿಗೆ ಬರಲಿ ಅಂದಳು. ಮಾವ ಅತ್ತಿದ್ದನ್ನು ನಾನು ಅವತ್ತೇ ನೋಡಿದ್ದು. ನನ್ನ ಕಡೆ ತಿರುಗಿ ಒಂದೇ ಮಾತು: ಮದ್ದು ಬಿಡಬೇಡ, ಸಂಕ್ರಮಣವನ್ನೂ ಬಿಡಬೇಡ. ಎರಡನ್ನೂ ಬಿಟ್ಟಿಲ್ಲ ನಾನು. ನಿನಗೂ ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗು, ಇದನ್ನು ನಾನು ದೈವದ ಮಾತು ಅಂತಲೇ ಹೇಳುತ್ತಿದ್ದೇನೆ.

ಬೆಳಿಗ್ಗೆ ಬಣ್ಣ ತೆಗೆಯಲು ನಾನೇ ತೆಂಗಿನೆಣ್ಣೆ ಬಾಟಲಿ ಹಿಡಿದು ನಿಂತೆ. ಹಳದಿ ಹೋಗುತ್ತಾ ಹೋಗುತ್ತಾ ಕಣ್ಣು ಕೆಂಪಾದ, ಸುಸ್ತಾದ ಒಬ್ಬ ಮನುಷ್ಯ ಕಂಡರು. ಮಗನಿಗೆ ಐಟಿಐ ಸೀಟಿನ ಬಗ್ಗೆ ನನ್ನ ಹತ್ತಿರ ವಿಚಾರಿಸಿದರು. ನಲಿಕೆ, ಪರವ, ಪಂಬದ ಸಮುದಾಯದವರು ತಲೆತಲಾಂತರದಿಂದ ಈ ಭಾರ ಹೊತ್ತಿದ್ದಾರೆ. 2022ರಲ್ಲಿ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಘೋಷಿಸಿತು, ಅದು ಎಷ್ಟೋ ಮೊದಲೇ ಆಗಬೇಕಿತ್ತು. ಅಜ್ಜಿಯ ಕಾಲದಲ್ಲಿ ರಾತ್ರಿ ಇವರ ಮುಂದೆ ಕೈಮುಗಿದು ನಿಂತ ನಮ್ಮ ಮನೆಯವರೇ ಬೆಳಿಗ್ಗೆ ಇವರಿಗೆ ಅಂಗಳದಾಚೆ ಎಲೆ ಹಾಕುತ್ತಿದ್ದರು. ಈ ಸಲ ಅಮ್ಮ ಚಾವಡಿಯಲ್ಲಿ ಒಂದೇ ಸಾಲಿನಲ್ಲಿ ಎಲೆ ಹಾಕಿಸಿದರು, ಮಾವ ಬಡಿಸಿದರು. ಕೈ ಕಡಿಸಿಕೊಂಡವನ ತಂಗಿಗೆ ದೀಪ ಇಡುವ ಮನೆಯಲ್ಲಿ ಇಷ್ಟಾದರೂ ಆಗಬೇಕಲ್ವಾ.

ಈಗ ನಿನ್ನ ಪ್ರಶ್ನೆ. ನನ್ನ ಕಲ್ಲುರ್ಟಿಯನ್ನು ನಿನಗೆ ಕೊಡಲು ಆಗುವುದಿಲ್ಲ, ಅವಳು ಆ ಮಣ್ಣಿನವಳು, ಆ ಕುಟುಂಬದವಳು. ಆದರೆ ತುಮಕೂರಿನ ಆಚೆಯ ನಿನ್ನ ಹಳ್ಳಿಯಲ್ಲಿ ಮನೆದೇವರು ಇದೆಯಲ್ಲ? ಕಾಲೇಜಿನಲ್ಲಿದ್ದಾಗ ಹೇಳಿದ್ದೆ, ಅಪ್ಪ ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಎಲ್ಲರನ್ನೂ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದರು ಅಂತ. ಕಾಡು, ಬಾಗಿಲು ಎಲ್ಲ ಸದ್ಯಕ್ಕೆ ಬಿಡು. ಅಮ್ಮನ ಹತ್ತಿರ ಕೂತು ಕೇಳು, ಆ ದೇವರ ಕಥೆ ಏನು, ಅಪ್ಪ ಅಲ್ಲಿ ನಿಂತು ಏನು ಹೇಳಿಕೊಳ್ಳುತ್ತಿದ್ದರು, ಯಾವುದಾದರೂ ಹರಕೆ ಬಾಕಿ ಇದೆಯಾ, ಪೂಜೆ ಮಾಡುವ ಮನೆಯವರು ಈಗ ಹೇಗಿದ್ದಾರೆ. ಅಪ್ಪ ಬಾಕಿ ಉಳಿಸಿ ಹೋದ ಏನಾದರೂ ಇದ್ದರೆ ಅದನ್ನು ನೀನು ತೀರಿಸು. ಆಮೇಲೆ ಮನೆಯಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ದೀಪ ಹಚ್ಚಿ, ಜೋರಾಗಿಯೇ ಮಾತಾಡು. ಸುಳ್ಳು ಮಾತ್ರ ಬೇಡ. ಸಿಟ್ಟಿದ್ದರೆ ಸಿಟ್ಟು ಮಾಡು, ಅಪ್ಪನನ್ನು ಯಾಕೆ ಕರಕೊಂಡೆ ಅಂತ ಕೇಳು. ಉತ್ತರ ಅವತ್ತೇ ಬರಬೇಕು ಅಂತ ಕಾಯಬೇಡ. ನನಗೆ ಉತ್ತರ ಬಂದಿದ್ದು ಮಾವನ ಮನೆಯ ಕಾಫಿ ಲೋಟದಲ್ಲಿ.

ಈ ವರ್ಷ ನಮ್ಮಲ್ಲಿ ಕೋಲ ಫೆಬ್ರವರಿಯಲ್ಲಿ, ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. ಆಗ ಆಗದಿದ್ದರೆ ಪತ್ತನಾಜೆಯ ಒಳಗೆ ಅಕ್ಕಪಕ್ಕ ಎಲ್ಲಾದರೂ ಕೋಲ ಇದ್ದೇ ಇರುತ್ತದೆ, ಅದು ಮೇ 24ರ ಹೊತ್ತಿಗೆ, ಆಮೇಲೆ ಗಗ್ಗರ ಕಟ್ಟುವುದಿಲ್ಲ. ಅಮ್ಮನನ್ನೂ ಕರೆದುಕೊಂಡು ಬಾ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಇಳಿಯಬಹುದು, ನಾನು ಸ್ಕೂಟರ್ ತರುತ್ತೇನೆ, ಅಮ್ಮನಿಗೆ ರಿಕ್ಷಾ ಹೇಳೋಣ. ರಾತ್ರಿ ಚಳಿ ಇರುತ್ತದೆ, ಒಂದು ಶಾಲು ಇರಲಿ. ಪಾಡ್ದನ ಶುರುವಾಗುವ ಮೊದಲೇ ಬಂದು ಚಪ್ಪರದ ಆ ಮೂಲೆಯಲ್ಲಿ, ತೆಂಬರೆ ಬಡಿಯುವ ಆ ಅಮ್ಮನ ಹತ್ತಿರ ಕೂತುಕೋ. ತುಳು ಅರ್ಥ ಆಗದ ಕಡೆ ನಾನು ಕಿವಿಯಲ್ಲಿ ಹೇಳುತ್ತೇನೆ.

ನಿನ್ನ,
ಬಂಟ್ವಾಳದ ಗೆಳೆಯ